ಕಬ್ಬನ್ ರಸ್ತೆಯ ಪ್ರೆಸ್ಬಿಟೇರಿಯನ್ ಸಭೆ ಎಲ್ಲಿ ಹೋಯಿತು?

ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ, ಗಡಿಯಾರದ ಗೋಪುರವಿರುವ ಸೇಂಟ್ ಆಂಡ್ರೂಸ್ ಚರ್ಚನ್ನು ನೋಡಿ ಬಂದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: 'ಅದನ್ನು ಕಟ್ಟಿದವರು ಪ್ರೆಸ್ಬಿಟೇರಿಯನ್ನರು ಎನ್ನುತ್ತಾರೆ. ಈಗ ಅದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚು. ಹಾಗಾದರೆ ಆ ಹಳೆಯ ಸಭೆ, ಅಂದರೆ ಅಲ್ಲಿ ಕೂಡಿ ಆರಾಧಿಸುತ್ತಿದ್ದ ಸಮುದಾಯ, ಏನಾಯಿತು?' ನಾನು ಸಿಎಸ್‌ಐನ ಕನ್ನಡ ಸಭೆಯೊಂದರಲ್ಲಿ ಬೆಳೆದವನು. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಹೇಳುವಾಗ ನಮ್ಮದೇ ಮನೆಯ ಹಿರೀಕರ ಕಥೆ ಹೇಳುತ್ತಿದ್ದೇನೆ ಎಂಬ ಭಾವನೆ ನನ್ನಲ್ಲಿ ಮೂಡುತ್ತದೆ.

ಮೊದಲು 'ಪ್ರೆಸ್ಬಿಟೇರಿಯನ್' ಎಂಬ ಹೆಸರಿನ ಅರ್ಥ. ಗ್ರೀಕ್ ಭಾಷೆಯ 'ಪ್ರೆಸ್ಬಿಟರೊಸ್' ಎಂದರೆ ಹಿರಿಯ. ನಮ್ಮ ಕನ್ನಡ ಬೈಬಲ್ಲಿನಲ್ಲಿ 'ಸಭೆಯ ಹಿರಿಯರು' ಎಂದು ಬರುವ ಮಾತಿನ ಹಿಂದೆ ಇರುವುದು ಇದೇ ಪದ. 1560ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಾನ್ ನಾಕ್ಸ್ ಮತ್ತು ಅವರ ಸಂಗಡಿಗರು ಚರ್ಚಿನ ಸುಧಾರಣೆಗೆ ಕೈಹಾಕಿದ ಮೇಲೆ, ಬಿಷಪ್ಪರ ಆಳ್ವಿಕೆ ಬೇಡ, ಸಭಾಪಾಲಕರೂ ಸಭೆಯಿಂದಲೇ ಬಂದ ಹಿರಿಯರೂ ಒಟ್ಟಿಗೆ ಕುಳಿತು ಸಭೆಯನ್ನು ನಡೆಸಲಿ ಎನ್ನುವ ಪದ್ಧತಿ ಅಲ್ಲಿ ಬೇರೂರಿತು. ಅದು ಸುಲಭವಾಗಿ ಆಗಲಿಲ್ಲ. ರಾಜರು ಬಿಷಪ್ಪರನ್ನು ಮತ್ತೆ ಮತ್ತೆ ಹೇರಲು ನೋಡಿದ್ದರಿಂದ, ಹಿರಿಯರ ಆಡಳಿತ ಶಾಶ್ವತವಾಗಿ ನೆಲೆಗೊಳ್ಳುವ ಹೊತ್ತಿಗೆ 1690 ಬಂದಿತ್ತು. ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ ಮೊದಲು ಹಿರಿಯರು ಸಭಿಕರನ್ನು ವಿಚಾರಿಸಿ, ಯೋಗ್ಯರೆಂದು ಕಂಡವರಿಗೆ ಸೀಸದ ಒಂದು ಚಿಕ್ಕ ಬಿಲ್ಲೆಯನ್ನು ಕೊಡುತ್ತಿದ್ದರು. ಅದನ್ನು ಹಿಂತಿರುಗಿಸಿದವರಿಗೆ ಮಾತ್ರ ಮೇಜಿನಲ್ಲಿ ಸ್ಥಳ. ಅಂಗೈಯಲ್ಲಿ ಅಡಗುವ ಆ ಬಿಲ್ಲೆಯ ಮೇಲೆ ಊರಿನ ಹೆಸರೋ ಅದರ ಮೊದಲಕ್ಷರವೋ ಒತ್ತಿರುತ್ತಿತ್ತು. ಹಿರಿಯರ ಮಾತಿಗೆ ಆ ಜನ ಎಷ್ಟು ತೂಕ ಕೊಡುತ್ತಿದ್ದರು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ.

ಈ ಪದ್ಧತಿ ಭಾರತಕ್ಕೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಜೊತೆಗೆ. ಕಂಪನಿಯ ಸೈನ್ಯದಲ್ಲೂ ಕಚೇರಿಗಳಲ್ಲೂ ಸ್ಕಾಟ್ಲೆಂಡಿನವರು ತುಂಬಿದ್ದರೂ, ಸರ್ಕಾರದ ಸಂಬಳ ಪಡೆಯುವ ಬೋಧಕರೆಲ್ಲ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನವರಾಗಿದ್ದರು. 1813ರಲ್ಲಿ ಕಂಪನಿಯ ಸನ್ನದು ನವೀಕರಣವಾದಾಗ ಸ್ಕಾಟ್ಲೆಂಡಿನವರು ಪಟ್ಟುಹಿಡಿದು, ಕಲ್ಕತ್ತ, ಬೊಂಬಾಯಿ, ಮದರಾಸುಗಳಿಗೆ ತಮ್ಮ ಚರ್ಚಿನಿಂದಲೂ ಒಬ್ಬೊಬ್ಬ ಬೋಧಕರನ್ನು ಪಡೆದರು. ಅಷ್ಟಾದರೂ ಗೊಂದಲ ತೀರಲಿಲ್ಲ. ಸ್ಕಾಟಿಷ್ ಬೋಧಕರು ಇಲ್ಲಿ ನಡೆಸಿಕೊಟ್ಟ ಮದುವೆಗಳು ಕಾನೂನಿನ ಕಣ್ಣಿನಲ್ಲಿ ಮದುವೆಗಳೇ ಎಂಬ ಸಂಶಯವೆದ್ದು, ಅದನ್ನು ನಿವಾರಿಸಲು 1818ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಬೇಕಾಯಿತು. ಅದೇ ವರ್ಷ ಮದರಾಸಿನ ಎಗ್ಮೋರಿನಲ್ಲಿ ಅವರ ದೊಡ್ಡ ಚರ್ಚಿನ ಕೆಲಸ ಶುರುವಾಗಿ 1821ರಲ್ಲಿ ಮುಗಿಯಿತು. ಅದನ್ನು ಕಟ್ಟಿಸಿದ ಎಂಜಿನಿಯರು ಡಿ ಹ್ಯಾವಿಲ್ಯಾಂಡ್. ಅದಕ್ಕೂ ಮೊದಲು ನಮ್ಮ ಶ್ರೀರಂಗಪಟ್ಟಣದಲ್ಲಿ ಅಗಲವಾದ ಇಟ್ಟಿಗೆಯ ಕಮಾನೊಂದನ್ನು ಕಟ್ಟಿ ನಿಲ್ಲಿಸಿ ತೋರಿಸಿದವರೂ ಅವರೇ.

ಬೆಂಗಳೂರಿನ ಸ್ಕಾಟಿಷ್ ಜನರಿಗೆ ಮಾತ್ರ ತಮ್ಮದೇ ಚರ್ಚು ಬಹಳ ತಡವಾಗಿ ದೊರೆಯಿತು. 1809ರಲ್ಲಿ ದಂಡು ಪ್ರದೇಶ ನೆಲೆಗೊಂಡ ಸ್ವಲ್ಪ ಕಾಲದಲ್ಲೇ ಆಂಗ್ಲಿಕನ್ನರಿಗೆ ಸೇಂಟ್ ಮಾರ್ಕ್ಸ್ ಚರ್ಚು ಇತ್ತು. ಸೇಂಟ್ ಆಂಡ್ರೂಸಿಗೆ ಅಡಿಗಲ್ಲು ಬಿದ್ದದ್ದು 1864ರಲ್ಲಿ, ಆರಾಧನೆಗೆ ಬಾಗಿಲು ತೆರೆದದ್ದು 1866ರಲ್ಲಿ. ಆಂಡ್ರೂ, ಅಂದರೆ ಅಂದ್ರೆಯ, ಸ್ಕಾಟ್ಲೆಂಡಿನ ಪಾಲಕ ಸಂತ. ಆದ್ದರಿಂದ ಆ ಹೆಸರು. ಹಳಬರು ಅದನ್ನು 'ಕರ್ಕ್' ಎಂದೂ ಕರೆಯುತ್ತಿದ್ದರು. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಚರ್ಚಿಗೆ ಇರುವ ಹೆಸರು ಅದು.

ಆ ಸಭೆ ಚಿಕ್ಕದಾಗಿಯೇ ಇರಬೇಕಾದ ಕಾರಣ ಅದರ ಹುಟ್ಟಿನಲ್ಲೇ ಇತ್ತು. ದಂಡಿನ ಸಭೆ ಎಂದರೆ ರೆಜಿಮೆಂಟು ಬಂದರೆ ತುಂಬುವ, ರೆಜಿಮೆಂಟು ಹೊರಟರೆ ಬರಿದಾಗುವ ಸಭೆ. ಇನ್ನೊಂದು ಕಾರಣ ಸ್ಕಾಟ್ಲೆಂಡಿನ ಚರ್ಚಿನಲ್ಲಿ 1843ರಲ್ಲಿ ಆದ ಒಡಕು. ಸಭೆಗೆ ಬೋಧಕರನ್ನು ಆರಿಸುವ ಹಕ್ಕು ಜಮೀನ್ದಾರರದ್ದೋ ಸಭೆಯದ್ದೋ ಎಂಬ ಜಗಳದಲ್ಲಿ, ಥಾಮಸ್ ಚಾಮರ್ಸರ ಮುಂದಾಳತ್ವದಲ್ಲಿ 450ಕ್ಕೂ ಹೆಚ್ಚು ಬೋಧಕರು ಮನೆ, ಸಂಬಳ ಎಲ್ಲವನ್ನೂ ಬಿಟ್ಟು ಹೊರಬಂದು ಫ್ರೀ ಚರ್ಚನ್ನು ಕಟ್ಟಿದರು. ಭಾರತದಲ್ಲಿದ್ದ ಸ್ಕಾಟಿಷ್ ಮಿಷನರಿಗಳು ಅವರ ಪಕ್ಷ ಸೇರಿದರು. ಸರ್ಕಾರಿ ಸಂಬಳದ ಬೋಧಕರ ವ್ಯವಸ್ಥೆ ಹಳೆಯ ಚರ್ಚಿನಲ್ಲೇ ಉಳಿಯಿತು. ಹೀಗಾಗಿ ಕಬ್ಬನ್ ರಸ್ತೆಯ ಸಭೆ ಮುಖ್ಯವಾಗಿ ಸ್ಕಾಟಿಷ್ ಸೈನಿಕರ, ಅಧಿಕಾರಿಗಳ ಸಭೆಯಾಗಿತ್ತೇ ಹೊರತು ಈ ನೆಲದ ಜನರನ್ನು ಕೂಡಿಸಿಕೊಂಡು ಬೆಳೆದದ್ದಲ್ಲ. ಆ ಬೋಧಕರ ಸಂಬಳ ಈ ನಾಡಿನ ಕಂದಾಯದಿಂದ ಹೋಗುತ್ತಿತ್ತು ಎಂಬುದನ್ನೂ ಮರೆಯಬಾರದು. ಅಭಿಮಾನದ ಭರದಲ್ಲಿ ಇದನ್ನು ಬಿಟ್ಟು ಕಥೆ ಹೇಳುವುದು ನನಗೆ ಸರಿಕಾಣುವುದಿಲ್ಲ.

ಆ ಚರ್ಚಿನ ಒಳಗಿರುವ ಪೈಪ್ ಆರ್ಗನ್ನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಪೀಟರ್ ಕೊನಾಕರ್ ಕಂಪನಿ 1881ರಲ್ಲಿ ಮಾಡಿದ ವಾದ್ಯ ಅದು. ಇಂದು ಅದನ್ನು ಹಳೆಯ ಸಂಪ್ರದಾಯದ ಗುರುತೆಂದು ತೋರಿಸುತ್ತಾರೆ, ಆದರೆ ಅದು ಬಂದ ಕಾಲಕ್ಕೆ ಸಂಪ್ರದಾಯ ಅದಕ್ಕೆ ವಿರುದ್ಧವಾಗಿತ್ತು. ಸ್ಕಾಟ್ಲೆಂಡಿನ ಸಭೆಗಳಲ್ಲಿ ತಲೆಮಾರುಗಳ ಕಾಲ ವಾದ್ಯವೇ ಇರಲಿಲ್ಲ. ಒಬ್ಬ ಗಾಯಕ ಎದ್ದು ದಾವೀದನ ಕೀರ್ತನೆಯ ಒಂದೊಂದು ಸಾಲನ್ನು ಹೇಳಿಕೊಟ್ಟರೆ ಸಭೆಯೆಲ್ಲ ಬರಿಗಂಠದಲ್ಲಿ ಅದನ್ನು ಹಾಡುತ್ತಿತ್ತು. ಎಡಿನ್‌ಬರೊದ ಗ್ರೇಫ್ರೈಯರ್ಸ್ ಚರ್ಚಿನಲ್ಲಿ ರಾಬರ್ಟ್ ಲೀ ಅವರು 1863ರಲ್ಲಿ ಹಾರ್ಮೋನಿಯಂ, 1865ರಲ್ಲಿ ಆರ್ಗನ್ ತಂದಾಗ ದೊಡ್ಡ ವಿವಾದವೇ ಎದ್ದಿತ್ತು. ಫ್ರೀ ಚರ್ಚು ಆರ್ಗನ್ನಿಗೆ ಒಪ್ಪಿಗೆ ಕೊಟ್ಟದ್ದು 1883ರಲ್ಲಿ. ಅಂದರೆ ಬೆಂಗಳೂರಿನ ಈ ಪುಟ್ಟ ಸಭೆಗಾಗಿ ಆರ್ಗನ್ ಸಿದ್ಧವಾದಾಗ ಆ ಜಗಳದ ಬಿಸಿ ಇನ್ನೂ ಆರಿರಲಿಲ್ಲ.

ಇನ್ನು ಮೂಲ ಪ್ರಶ್ನೆ. ದಕ್ಷಿಣ ಭಾರತದಲ್ಲಿ ಪ್ರೆಸ್ಬಿಟೇರಿಯನ್ನರೂ, ಪ್ರತಿ ಸಭೆಯೂ ಸ್ವತಂತ್ರ ಎನ್ನುವ ಕಾಂಗ್ರಿಗೇಷನಲಿಸ್ಟರೂ 1908ರಲ್ಲೇ ಕೂಡಿ ದಕ್ಷಿಣ ಭಾರತ ಐಕ್ಯ ಸಭೆಯಾಗಿದ್ದರು. ಆ ಸಭೆ, ಮೆಥಡಿಸ್ಟರು, ಆಂಗ್ಲಿಕನ್ನರು ಸೇರಿ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯನ್ನು, ಅಂದರೆ ಸಿಎಸ್‌ಐಯನ್ನು, ಸ್ಥಾಪಿಸಿದರು. ಬಿಷಪ್ಪರನ್ನು ಒಪ್ಪದ ಪರಂಪರೆ ಬಿಷಪ್ಪರನ್ನು ಒಪ್ಪಿಕೊಂಡಿತು; ಬಿಷಪ್ಪರು ಚುನಾಯಿತ ಸಿನಾಡಿನ (ಚರ್ಚಿನ ಆಡಳಿತ ಮಂಡಳಿಯ) ಜೊತೆ ಆಡಳಿತ ನಡೆಸಲು ಒಪ್ಪಿದರು. ಕಬ್ಬನ್ ರಸ್ತೆಯ ಕರ್ಕ್ ಕೂಡ ಮುಂದೆ ಈ ಮನೆಗೇ ಬಂದು, ಇಂದು ಕರ್ನಾಟಕ ಸೆಂಟ್ರಲ್ ಡಯೊಸೀಸಿಗೆ, ಅಂದರೆ ಬಿಷಪ್ಪರೊಬ್ಬರ ಆಡಳಿತ ಪ್ರಾಂತಕ್ಕೆ, ಸೇರಿದೆ.

ಹಾಗೆಂದು ಆ ಸಭೆ ಕರಗಿಹೋಯಿತು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಸಿಎಸ್‌ಐನ ಮುಖ್ಯಸ್ಥ ಬಿಷಪ್ಪರನ್ನು ನಾವು ಆರ್ಚ್‌ಬಿಷಪ್ ಎನ್ನದೆ 'ಮಾಡರೇಟರ್' ಎನ್ನುತ್ತೇವೆ. ಅದು ಸ್ಕಾಟ್ಲೆಂಡಿನ ಹಿರಿಯರ ಸಭೆಯ ಅಧ್ಯಕ್ಷರ ಹೆಸರು. ನಮ್ಮ ಸಭಾಪಾಲಕರ ಅಧಿಕೃತ ಪದನಾಮ 'ಪ್ರೆಸ್ಬಿಟರ್'. ಇದಕ್ಕಿಂತ ನನಗೆ ಹತ್ತಿರವಾದದ್ದು ಇನ್ನೊಂದಿದೆ. 1950ರಲ್ಲಿ ಸಿಎಸ್‌ಐ ತನ್ನ ಆರಾಧನಾ ಕ್ರಮವನ್ನು ರೂಪಿಸಿದಾಗ, ಆರಾಧನೆಯ ಆರಂಭದಲ್ಲಿ ಬೈಬಲ್ಲನ್ನು ಒಳಗೆ ಹೊತ್ತು ತರುವ ಪದ್ಧತಿಯನ್ನು ಸ್ಕಾಟ್ಲೆಂಡಿನ ಚರ್ಚಿನಿಂದ ತೆಗೆದುಕೊಂಡಿತು. ಚಿಕ್ಕವನಿದ್ದಾಗ ನಮ್ಮ ಸಭೆಯಲ್ಲಿ ಅಜ್ಜಿಯ ಪಕ್ಕ ಕುಳಿತು ನಾನು ಅದನ್ನು ನೋಡುತ್ತಿದ್ದೆ. ಕಪ್ಪು ರಟ್ಟಿನ ದಪ್ಪ ಕನ್ನಡ ಬೈಬಲ್ಲನ್ನು ಎರಡೂ ಕೈಗಳಲ್ಲಿ ಎದೆಯೆತ್ತರಕ್ಕೆ ಹಿಡಿದು ಹಿರಿಯರೊಬ್ಬರು ನಡುವಿನ ದಾರಿಯಲ್ಲಿ ನಿಧಾನವಾಗಿ ಬರುವಾಗ, ಮಂಡಿನೋವಿದ್ದ ಅಜ್ಜಿ ಮುಂದಿನ ಬೆಂಚಿನ ಅಂಚನ್ನು ಹಿಡಿದು ಏಳುತ್ತಿದ್ದರು. ಗ್ರಂಥ ಪೀಠದ ಮೇಲೆ ತೆರೆದುಕೊಳ್ಳುವವರೆಗೂ ಕೂರುತ್ತಿರಲಿಲ್ಲ.