ತೋಟದ ಡೈರಿ ಇಂಗ್ಲಿಷಿನಲ್ಲಿ: ಊಹೆ ಮತ್ತು ಆಕ್ಷೇಪಣೆಯ ಹಂತ

ಆಲ್ದೂರಿನ ಹತ್ತಿರ ಇರುವ ನಮ್ಮ ಕಾಫಿ ತೋಟದ ಡೈರಿಯನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನಿಂತಿಲ್ಲ. ಮಳೆ ಎಷ್ಟು, ಆಳು ಎಷ್ಟು, ಯಾವ ಬ್ಲಾಕಿನಲ್ಲಿ ಏನು ಕೆಲಸ ಅಂತ ಬರೆಯುವುದು ಈಗ ಸಲೀಸು. ಆದರೆ ತೋಟದಲ್ಲಿ ಏನಾಯ್ತು ಅನ್ನುವುದಕ್ಕಿಂತ ಏನಾಗಬೇಕಿತ್ತು ಅನ್ನುವ ಮಾತೇ ಜಾಸ್ತಿ ಅಲ್ವಾ? ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ, ಬೇಗ ಮಾಡಿಸಬೇಕಿತ್ತು. ಗೊಬ್ಬರ ಮೊದಲೇ ತರಿಸಬಹುದಿತ್ತು. ಪೈಪು ಒಡೆದದ್ದು ಕಾಟಿಯೇ (ಕಾಡುಕೋಣ) ಇರಬೇಕು. ಇಂಥ ಮಾತಿಲ್ಲದ ಡೈರಿ ಸಪ್ಪೆ. ಅದಕ್ಕೇ ಅರೇಬಿಕಾ ಕೊಯ್ಲು ಮುಗಿದ ಮೇಲೆ ಈ ಭಾಗಕ್ಕೆ ಕೈ ಹಾಕಿದೆ. ಡೈರಿ ತಿದ್ದುವವಳು ಅಕ್ಕನ ಮಗಳು ಪುಟ್ಟಿ. ಚಿಕ್ಕಮಗಳೂರಿನಲ್ಲಿ ಪದವಿ ಓದುತ್ತಿದ್ದಾಳೆ. ಪುಟದ ಫೋಟೊ ಕಳಿಸಿದರೆ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತಾಳೆ.

ಜನವರಿ ಕೊನೆ

ವಾಕ್ಯ ಕಟ್ಟುವುದು ಸುಲಭ. ಮಸ್ಟ್, ಶುಡ್, ಕುಡ್, ಮೈಟ್, ಯಾವುದೇ ಇರಲಿ, ಅದಾದ ಮೇಲೆ ಹ್ಯಾವ್, ಆಮೇಲೆ ಕ್ರಿಯಾಪದದ ಮೂರನೇ ರೂಪ. ಶಾಲೆಯಲ್ಲಿ ಗೋ, ವೆಂಟ್, ಗಾನ್ ಅಂತ ರಾಗವಾಗಿ ಹೇಳಿಸುತ್ತಿದ್ದರಲ್ಲ, ಆ ಗಾನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಿ, ಶಿ, ಇಟ್ ಬಂದರೂ ಹ್ಯಾವ್ ಹೋಗಿ ಹ್ಯಾಸ್ ಆಗಲ್ಲ. ಇಷ್ಟೇ.

ಕಿವಿಗೆ ಮಾತ್ರ ಇದು ಬೇರೆ ಥರ ಬೀಳುತ್ತದೆ. ಇಂಗ್ಲಿಷಿನವರು ಬೇಗ ಮಾತಾಡುವಾಗ ಹ್ಯಾವ್ ಪೂರ್ತಿ ಕೇಳುವುದೇ ಇಲ್ಲ, ಶುಡವ್, ಮಸ್ಟವ್ ಅಂತ ನುಂಗಿಬಿಡುತ್ತಾರೆ. ಹಾಗಾಗಿ ಅಲ್ಲಿಯ ಜನರೇ ಎಷ್ಟೋ ಸಲ ಹ್ಯಾವ್ ಬದಲು ಆಫ್ ಅಂತ ಬರೆದುಬಿಡುತ್ತಾರೆ. ತಾಯ್ನುಡಿಯವರೇ ಎಡವುವ ಜಾಗ ಅಂದಾಗ ನಮಗೂ ಸ್ವಲ್ಪ ಧೈರ್ಯ.

ಫೆಬ್ರವರಿ, ಪೈಪಿನ ಕೇಸು

ಕೆಳಗಿನ ಬ್ಲಾಕಿನಲ್ಲಿ ಸ್ಪ್ರಿಂಕ್ಲರ್ ಪೈಪು ಸೀಳಿ ಬಿದ್ದಿತ್ತು. ಊಹೆಯ ವಾಕ್ಯಕ್ಕೆ ಇದಕ್ಕಿಂತ ಒಳ್ಳೆ ಪಾಠ ಸಿಗಲ್ಲ. ಒದ್ದೆ ಮಣ್ಣಿನಲ್ಲಿ ಇಬ್ಭಾಗವಾದ ಗೊರಸಿನ ಗುರುತು, ನನ್ನ ಅಂಗೈಗಿಂತ ಅಗಲ. ಪಕ್ಕದಲ್ಲೇ ಸಗಣಿ, ಇನ್ನೂ ಆರಿರಲಿಲ್ಲ. ಹಂದಿ ಬಂದಿದ್ದರೆ ಮಣ್ಣು ಉತ್ತ ಹಾಗೆ ಇರುತ್ತಿತ್ತು. ಇಲ್ಲಿ ಒಂದು ಹೆಂಟೆಯೂ ಕದಲಿರಲಿಲ್ಲ.

ಮೇಸ್ತ್ರಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ. ನಾನು ಡೈರಿಯಲ್ಲಿ ಹುಷಾರಾಗಿ 'ಎ ಕಾಟಿ ಮೈಟ್ ಹ್ಯಾವ್ ಸ್ಟೆಪ್ಡ್ ಆನ್ ಇಟ್' ಅಂತ ಬರೆದೆ. ಕೆಂಪು ಗೆರೆ ಬಂತು. "ಮಾವ, ಗೊರಸು ನೋಡಿದ್ದೀರಿ, ಸಗಣಿ ನೋಡಿದ್ದೀರಿ. ಇನ್ನೂ ಮೈಟ್ ಯಾಕೆ? ಮಸ್ಟ್ ಹಾಕಿ." ಸಾಕ್ಷಿ ಕೈಯಲ್ಲಿದ್ದು ಬೇರೆ ದಾರಿ ಕಾಣದಿದ್ದರೆ ಮಸ್ಟ್ ಹ್ಯಾವ್. ಇದ್ದರೂ ಇರಬಹುದು ಅನ್ನುವ ಮಟ್ಟಕ್ಕೆ ಮೇ, ಮೈಟ್, ಕುಡ್, ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಸಾಧ್ಯವೇ ಇಲ್ಲ ಅನ್ನುವುದಕ್ಕೆ ಕಾಂಟ್ ಹ್ಯಾವ್. 'ದ ಪಿಗ್ಸ್ ಕಾಂಟ್ ಹ್ಯಾವ್ ಡನ್ ಇಟ್.' ಮಸ್ಟ್‌ಗೆ ನಾಟ್ ಸೇರಿಸಿ ಹೇಳುವುದು ಅಮೆರಿಕದ ಕಡೆ ಬಳಕೆಯಲ್ಲಿದೆ. ಬ್ರಿಟಿಷರಿಗೆ ಕಾಂಟ್ ಅಥವಾ ಕುಡಂಟ್ ರೂಢಿ.

ಅದೇ ಜೋರಿನಲ್ಲಿ ಬಾಬಾ ಬುಡನ್ ಕಥೆಯನ್ನೂ ಬರೆದೆ. 17ನೇ ಶತಮಾನದಲ್ಲಿ ಯೆಮನ್ನಿನ ಮೋಕಾದಿಂದ 7 ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ಹಾಕಿದರು ಅನ್ನುವ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಗಡ್ಡದಲ್ಲಿ ಬಚ್ಚಿಟ್ಟುಕೊಂಡಿದ್ದರು ಅಂತ ಕೆಲವರು, ಸೊಂಟಕ್ಕೆ ಕಟ್ಟಿಕೊಂಡಿದ್ದರು ಅಂತ ಇನ್ನು ಕೆಲವರು. ಇವೆರಡೂ ಮೈಟ್ ಹ್ಯಾವ್. ನೋಡಿದವರು ಯಾರೂ ಇಲ್ಲವಲ್ಲ. ಆದರೆ 'ಹಿ ಕಾಂಟ್ ಹ್ಯಾವ್ ಬ್ರಾಟ್ ರೋಸ್ಟೆಡ್ ಬೀನ್ಸ್' ಅಂತ ಎದೆ ತಟ್ಟಿ ಬರೆಯಬಹುದು. ಹುರಿದ ಬೀಜ ಮೊಳೆಯಲ್ಲ.

ಫೆಬ್ರವರಿಯಲ್ಲೇ, ತಲೆ ಕೆಡಿಸಿದ ಭಾಗ

ಈ ಹಂತದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ನಮ್ಮ 'ಬೇಕು'. ಮೇಸ್ತ್ರಿ ಸಂತೆಗೆ ಹೋಗಿರಬೇಕು. ಮೇಸ್ತ್ರಿ ಸಂತೆಗೆ ಹೋಗಬೇಕಿತ್ತು. ಮೇಸ್ತ್ರಿ ಸಂತೆಗೆ ಹೋಗಬೇಕಾಯ್ತು. ಮೂರರಲ್ಲೂ ಬೇಕು ಇದೆ. ನಮಗೆ ಗೊಂದಲವೇ ಇಲ್ಲ, ಬಾಲ ನೋಡಿಯೇ ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿಗೆ ಹೋದಾಗ ಮೂರೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಮೊದಲನೆಯದು ಮಸ್ಟ್ ಹ್ಯಾವ್ ಗಾನ್: ಆಳು ಕಾಣುತ್ತಿಲ್ಲ, ಇವತ್ತು ಸಂತೆ, ಹಾಗಾಗಿ ಊಹೆ. ಎರಡನೆಯದು ಶುಡ್ ಹ್ಯಾವ್ ಗಾನ್: ಹೋಗಲಿಲ್ಲ, ಅದೇ ತಪ್ಪು. ಮೂರನೆಯದು ಹ್ಯಾಡ್ ಟು ಗೋ: ಬೇರೆ ದಾರಿ ಇರಲಿಲ್ಲ, ಹೋದ.

ಮೊದಲನೆಯದರ ಜಾಗದಲ್ಲಿ ಎರಡನೆಯದನ್ನು ಹಾಕಿದರೆ ಸಂತೆಗೆ ಹೋದ ಮೇಸ್ತ್ರಿ ಹೋಗದೆ ಬೈಸಿಕೊಂಡ ಹಾಗಾಗುತ್ತದೆ. ಪಕ್ಕದ ಹೋಂಸ್ಟೇಯ ಹುಡುಗರ ಬಾಯಲ್ಲಿ ಇದು ದಿನಾ ಕೇಳುತ್ತದೆ. ಆದರೆ ಒಂದು ಕಡೆ ಅವರದ್ದೂ ಸರಿಯೇ. 'ದ ಜೀಪ್ ಶುಡ್ ಹ್ಯಾವ್ ಅರೈವ್ಡ್ ಬೈ ನೌ' ಅಂದರೆ ಇಷ್ಟು ಹೊತ್ತಿಗೆ ತಲುಪಿರಬೇಕು ಅನ್ನುವ ನಿರೀಕ್ಷೆ, ಬೈಗುಳ ಅಲ್ಲ. ಈ ಇಂಗ್ಲಿಷ್ ಸುಮ್ನೆ ಬಿಡುವುದಿಲ್ಲ ನೋಡಿ.

'ಬಹುದಿತ್ತು' ಮಾತ್ರ ಹಾಗೇ ಹೊಂದಿಕೊಂಡಿತು. ಒಂದು ಫೋನ್ ಮಾಡಬಹುದಿತ್ತಲ್ಲ ಅಂದರೆ 'ಯು ಕುಡ್ ಹ್ಯಾವ್ ಕಾಲ್ಡ್.' ನಮ್ಮಲ್ಲಿರುವ ಮುನಿಸು ಅಲ್ಲೂ ಅಷ್ಟೇ ಇದೆ.

ಮಾರ್ಚ್

ರೋಬಸ್ಟಾಕ್ಕೆ ಹೂ ಮಳೆ (ಮೊಗ್ಗು ಅರಳಿಸುವ ಮಳೆ) ಕಾಯುತ್ತಾ ಕೂತರೆ ಮೊಗ್ಗು ಒಣಗುತ್ತದೆ ಅನ್ನುವ ಭಯ. ರಾತ್ರಿಯಿಡೀ ಡೀಸೆಲ್ ಪಂಪು ಓಡಿಸಿ ನೀರು ಹೊಡೆಸಿದೆವು. ಮಾರನೇ ದಿನ ಸಂಜೆ ಗುಡುಗು ಸಮೇತ ಒಳ್ಳೇ ಮಳೆ. ಡೀಸೆಲ್ ದುಡ್ಡು ಹೋಯಿತು, ವಾಕ್ಯ ಸಿಕ್ಕಿತು: 'ವಿ ನೀಡಂಟ್ ಹ್ಯಾವ್ ರನ್ ದ ಪಂಪ್.' ಕೆಲಸ ಮಾಡಿಯಾಗಿದೆ, ಮಾಡದಿದ್ದರೂ ಆಗುತ್ತಿತ್ತು, ಇವೆರಡನ್ನೂ ಇದೊಂದೇ ಹೇಳುತ್ತದೆ. ಮೇಲಿನ ತೋಟದವರು ಪಂಪು ಮುಟ್ಟಿರಲೇ ಇಲ್ಲ. ಅವರ ಬಗ್ಗೆ ಬರೆಯುವಾಗ 'ದೇ ಡಿಡಂಟ್ ನೀಡ್ ಟು ರನ್ ದ ಪಂಪ್.' ಇದರಲ್ಲಿ ಅಗತ್ಯ ಇರಲಿಲ್ಲ ಅನ್ನುವುದಷ್ಟೇ ಇದೆ. ಓಡಿಸಿದರೋ ಬಿಟ್ಟರೋ ಅನ್ನುವುದನ್ನು ಸಂದರ್ಭ ನೋಡಿ ತಿಳಿಯಬೇಕು. ನಾವು ಪಂಪು ಓಡಿಸಿದ್ದು 'ಶುಡಂಟ್ ಹ್ಯಾವ್' ಅಂತೂ ಅಲ್ಲ. ಅದು ತಪ್ಪು ಹೊರಿಸುತ್ತದೆ. ಮಳೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಈಗ ಎಲ್ಲಿದ್ದೇನೆ

ಸದ್ಯ ಕೈಯಲ್ಲಿರುವುದು ಹೆಸರು ಹೇಳದೆ ಆಕ್ಷೇಪಿಸುವ ವಿದ್ಯೆ. ಡೈರಿಯನ್ನು ತೋಟದ ಲೆಕ್ಕ ಬರೆಯುವ ರೈಟರೂ ಓದುತ್ತಾನೆ. 'ಯು ಶುಡ್ ಹ್ಯಾವ್ ಲಾಪ್ಡ್ ದ ಶೇಡ್' ಅಂದರೆ ಮುಖ ಊದುತ್ತದೆ. 'ದ ಶೇಡ್ ಶುಡ್ ಹ್ಯಾವ್ ಬೀನ್ ಲಾಪ್ಡ್' ಅಂದರೆ ಮರಗಸಿ ಆಗಬೇಕಿತ್ತು ಅಂತಷ್ಟೇ, ಯಾರು ಅಂತ ಇಲ್ಲ. ನಡುವೆ ಒಂದು ಬೀನ್ ಸೇರಿಸಿದರೆ ಸಾಕು. ಮನೆಯಲ್ಲೂ ಸಮಾಧಾನ ಇರುತ್ತದೆ, ಯಾಕೆಂದರೆ ಆ ಆಕ್ಷೇಪಣೆಯಲ್ಲಿ ಅರ್ಧ ನನ್ನ ತಮ್ಮನ ಮೇಲೆ.

ಈ ವಾರದಿಂದ ಅರೇಬಿಕಾ ಬ್ಲಾಕಿನಲ್ಲಿ ಬೋರರ್ (ಕಾಂಡ ಕೊರೆಯುವ ಹುಳು) ಹಿಡಿದ ಗಿಡ ಹುಡುಕುವ ಕೆಲಸ. ಎಲೆ ಹಳದಿ ಆಗಿ, ಕಾಂಡದ ಮೇಲೆ ಏಣು ಎದ್ದಿದ್ದರೆ ಮಸ್ಟ್ ಹ್ಯಾವ್. ಬರೀ ಹಳದಿ ಆಗಿದ್ದರೆ ಮೈಟ್ ಹ್ಯಾವ್. ಗಿಡಕ್ಕೊಂದು ವಾಕ್ಯ ಬರೆದು ಪುಟ್ಟಿಗೆ ಕಳಿಸುತ್ತೇನೆ ಅಂದಿದ್ದೇನೆ. ಪರೀಕ್ಷೆ ಮುಗಿಯುವ ತನಕ ಕಳಿಸಬೇಡಿ ಅಂದಿದ್ದಾಳೆ.