ಎರಡು ಚಿಲಕದ ಬಾಗಿಲು

ಮಕ್ಕಳಿಗೆ ಬೇರೆ ಲೋಕದ ಸಾಹಸಕಥೆ ಬರೆಯಲು ಕೂತವರು ಮೊದಲು ನಕಾಶೆ ಬಿಡಿಸುತ್ತಾರೆ. ಏಳು ರಾಜ್ಯ, ಮೂರು ಸಮುದ್ರ, ಹೆಸರಿಟ್ಟ ಹದಿನೆಂಟು ಬೆಟ್ಟ. ನಕಾಶೆ ಮುಗಿಯುವಷ್ಟರಲ್ಲಿ ಬರೆಯುವ ಹುರುಪೂ ಮುಗಿದಿರುತ್ತದೆ. ನಕಾಶೆ ಆಮೇಲೆ ಬರಲಿ. ಮೊದಲು ತೀರ್ಮಾನವಾಗಬೇಕಾದ್ದು ಬಾಗಿಲು: ಯಾರಿಗೆ ತೆರೆಯುತ್ತದೆ, ಯಾವಾಗ ತೆರೆಯುವುದಿಲ್ಲ.

ಹನ್ನೊಂದು ವರ್ಷದ ಅಕ್ಕ, ಎಂಟು ವರ್ಷದ ತಮ್ಮ ಎಂದಿಟ್ಟುಕೊಳ್ಳಿ. ಅಟ್ಟದ ಮೂಲೆಯಲ್ಲೊಂದು ಗಿಡ್ಡ ಬಾಗಿಲು, ಅದಕ್ಕೆ ಎರಡು ಚಿಲಕ. ಎರಡಕ್ಕೂ ಸ್ಪ್ರಿಂಗ್ ಇದೆ, ಕೈಬಿಟ್ಟರೆ ಟಪ್ಪನೆ ವಾಪಸು ಬೀಳುತ್ತವೆ. ಒಬ್ಬರ ಎರಡು ಕೈಗೆ ಎಟುಕದಷ್ಟು ದೂರದಲ್ಲಿವೆ. ಅಂದರೆ ತೆಗೆಯಲು ಇಬ್ಬರು ಬೇಕೇ ಬೇಕು, ಆ ಕಡೆಯಿಂದ ವಾಪಸು ಬರಲೂ ಅಷ್ಟೇ. ಈಗ ಹನ್ನೆರಡನೇ ಅಧ್ಯಾಯದಲ್ಲಿ ಅಕ್ಕ ಜಗಳವಾಡಿ ಒಬ್ಬಳೇ ಮನೆಗೆ ಹೊರಡಲಿ. ಒಂದು ಚಿಲಕ ಎಳೆದು ನಿಂತಾಗ ಅವಳಿಗೇ ಗೊತ್ತಾಗುತ್ತದೆ. ರಾಕ್ಷಸನನ್ನು ಕರೆಸಬೇಕಿಲ್ಲ, ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ಮುದಿ ಗೂಬೆಯ ಬಾಯಲ್ಲಿ ಹೇಳಿಸಬೇಕಿಲ್ಲ.

ಇನ್ನು ಅಪ್ಪ-ಅಮ್ಮ. ಅವರು ಹತ್ತಿರವಿದ್ದರೆ ಸಾಹಸ ನಡೆಯುವುದಿಲ್ಲ, ಹಾಗಂತ ಮೊದಲ ಪುಟದಲ್ಲೇ ಕೊಂದುಹಾಕುವುದು ಅಗ್ಗದ ಉಪಾಯ. ಬ್ರಿಟಿಷ್ ಲೇಖಕ ಸಿ. ಎಸ್. ಲೂಯಿಸ್ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ ಎಂಬ 1950ರ ಮಕ್ಕಳ ಕಾದಂಬರಿಯಲ್ಲಿ ಯುದ್ಧಕಾಲದ ಬಾಂಬ್ ದಾಳಿಯ ನೆಪದಿಂದ ನಾಲ್ಕು ಮಕ್ಕಳನ್ನು ಲಂಡನ್ನಿನಿಂದ ಹಳ್ಳಿಯ ಮನೆಗೆ ಕಳಿಸಿಬಿಟ್ಟರು. ಹೆತ್ತವರು ದೂರವಾದರು, ಸಾಯಲಿಲ್ಲ. ನಮ್ಮ ಕಥೆಗೆ ಅಷ್ಟೂ ಬೇಡ. ಅಮ್ಮ ಒಂದು ಗಂಟೆ ಹೊರಗೆ ಹೋದರೆ ಸಾಕು, ಕಾಲದ ಲೆಕ್ಕ ಸರಿಯಿದ್ದರೆ.

ಆ ಲೆಕ್ಕವನ್ನು ಕಾಗದದ ಮೇಲೆ ಬರೆದಿಡಿ. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಂಧರ್ವರ ಸಂಗೀತ ಮುಗಿಯಲೆಂದು ಕ್ಷಣಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಎಂಟು ವರ್ಷದವನ ಕಥೆಗೆ ಇದನ್ನು ತಿರುಗಿಸಿ: ಇಲ್ಲಿನ 10 ನಿಮಿಷಕ್ಕೆ ಅಲ್ಲಿ ಒಂದು ದಿನ. ಅಮ್ಮನ ಒಂದು ಗಂಟೆ ಎಂದರೆ ಅಲ್ಲಿ ಆರು ದಿನ. ದಿನಕ್ಕೆ ಮೂರು ಅಧ್ಯಾಯದಂತೆ ಹದಿನೆಂಟು, ಹೊರಡುವ ಮುನ್ನ ಎರಡು, ವಾಪಸಾದ ಮೇಲೆ ಒಂದು, ಅಲ್ಲಿಗೆ ಇಪ್ಪತ್ತೊಂದು. ಅಧ್ಯಾಯಕ್ಕೆ 1,200 ಪದ ಹಿಡಿದರೆ ಒಟ್ಟು ಸುಮಾರು 25,000. ಎರಡನೇ ಅಧ್ಯಾಯ ಮುಗಿಯುವುದರೊಳಗೆ ಬಾಗಿಲು ತೆರೆಯದಿದ್ದರೆ ಓದುವ ಮಗು ಪುಸ್ತಕ ಮುಚ್ಚುತ್ತದೆ.

ಕನ್ನಡದಲ್ಲಿ ಬರೆಯುವವರು ಎಡವುವುದು ಹೆಸರಿನಲ್ಲಿ. ‘ಕ್ಷ್ರೋಂಥ್’ ಎಂಬ ಊರು ನಕಾಶೆಯಲ್ಲಿ ಗಂಭೀರವಾಗಿ ಕಂಡೀತು, ಆದರೆ ‘ಕ್ಷ್ರೋಂಥ್‌ನಿಂದ’, ‘ಕ್ಷ್ರೋಂಥ್‌ನಲ್ಲಿ’ ಎಂದು ಮುನ್ನೂರು ಸಲ ಗಟ್ಟಿಯಾಗಿ ಓದಿ ನೋಡಿ. ಸ್ವರಾಂತ್ಯದ ಹೆಸರಿಗೆ ವಿಭಕ್ತಿ ತಾನಾಗಿ ಅಂಟುತ್ತದೆ: ಮಿಂಚಾಳಿ, ಮಿಂಚಾಳಿಗೆ, ಮಿಂಚಾಳಿಯಲ್ಲಿ.

ಅದೇ ಭಾಷೆ ಕೈಗೆ ಕೊಡುವ ಒಂದು ಸಲಕರಣೆಯೂ ಇದೆ. ಮಾತಾಡುವ ನರಿ ‘ಅದು’ವೋ ‘ಅವನು’ವೋ? ಹಸ್ತಪ್ರತಿಯಲ್ಲಿ ಎರಡೂ ಕಲಸಿಹೋಗಿದ್ದರೆ ತಪ್ಪು. ಬೇಕೆಂದೇ ಬದಲಾದರೆ ಅದೇ ಗೆಳೆತನ. ಐದನೇ ಅಧ್ಯಾಯದವರೆಗೂ ತಮ್ಮ ‘ಅದು ಸುಳ್ಳು ಹೇಳ್ತಿದೆ’ ಅನ್ನಲಿ. ನರಿ ಹೊಳೆಯಲ್ಲಿ ಇವನ ಚಪ್ಪಲಿ ಕಚ್ಚಿಕೊಂಡು ಈಜಿ ತಂದುಕೊಟ್ಟ ರಾತ್ರಿ, ಅಕ್ಕ ‘ಯಾರು?’ ಎಂದು ಕೇಳಿದಾಗ, ‘ಅವನೇ, ನಿದ್ದೆ ಮಾಡಿದಾನೆ’ ಅನ್ನಲಿ. ನಿರೂಪಕ ಅದರ ಬಗ್ಗೆ ತುಟಿ ಬಿಚ್ಚಬಾರದು. ಅಲ್ಲಿಂದ ಮುಂದೆ ನಿರೂಪಣೆಯಲ್ಲೂ ‘ಅವನು’. ‘ನೀವು’ ‘ನೀನು’ ಆಗುವ ಜಾಗವನ್ನೂ ಹೀಗೇ ಗುರುತಿಟ್ಟುಕೊಳ್ಳಿ.

ಕೊನೆಯಲ್ಲಿ ‘ಎಲ್ಲಾ ಕನಸು’ ಎಂದರೆ ಓದಿದವರಿಗೆ ಮೋಸ. ಮಂತ್ರದಿಂದ ಮನೆಯ ಕಷ್ಟ ಮಾಯವಾದರೂ ಮೋಸವೇ. ಅಜ್ಜನಿಗೆ ಮರೆವಿನ ಕಾಯಿಲೆ, ಮಕ್ಕಳು ಹೊರಟದ್ದು ಅವನು ಕಳೆದುಕೊಂಡ ಹಾಡಿಗಾಗಿ ಎಂದಾದರೆ, ಹಾಡು ಸಿಗಲಿ, ಕಾಯಿಲೆ ಹಾಗೇ ಉಳಿಯಲಿ. ಇಪ್ಪತ್ತೊಂದನೇ ಅಧ್ಯಾಯದಲ್ಲಿ ಅಜ್ಜ ತಮ್ಮನನ್ನು ಬೇರೆ ಯಾರದೋ ಹೆಸರಿಂದ ಕರೆಯುತ್ತಾನೆ, ಆದರೆ ಹಾಡಿನ ಎರಡನೇ ಸಾಲಿಗೆ ದನಿಗೂಡಿಸುತ್ತಾನೆ. ಹೊರಗೆ ಗೇಟಿನ ಸದ್ದು, ಅಮ್ಮ ಬಂದಳು. ತಮ್ಮನ ಚಪ್ಪಲಿ ಇನ್ನೂ ಒದ್ದೆ.