ಬ್ರೇಕ್ ಒತ್ತಿದ್ರ ಆರೋ ಲೈಟು

ಹೋದ ಆಗಸ್ಟ್‌ನ್ಯಾಗ ಧಾರವಾಡದಿಂದ ಪುಣೆಗೆ ರಾತ್ರಿ ಕಾರಿನ್ಯಾಗ ವಾಪಸ್ ಬರೂ ಮುಂದ, ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಬ್ರಿಜ್ ಕಡೆ ಇಳಿತೀವಲ್ಲ, ಅಲ್ಲಿ ಹಿಂದಿದ್ದ ಟೆಂಪೋದವ ಒಂದ ಸವನ ಹಾರ್ನ್ ಹೊಡಿಯಾಕ ಹತ್ತಿದ. ಆ ಇಳಿಜಾರು ಎಂಥಾದ್ದಂತ ಪುಣೆದವ್ರಿಗೆ ಹೇಳೂದು ಬ್ಯಾಡ, ಲಾರಿ ಬ್ರೇಕ್ ಫೇಲಾಗಿ ಸಾಲಾಗಿ ಗಾಡಿ ಗುದ್ದಿದ ಸುದ್ದಿ ಎಷ್ಟ್ ಸಲ ಓದೀವಿ. ನನಗ ಎದಿ ಝಲ್ ಅಂತು. ಕೆಳಗ ಬಂದಮ್ಯಾಲೆ ಆ ಟೆಂಪೋದವ ಬಾಜೂಕ ನಿಂತು ಕಾಚ್ ಇಳಿಸಿ, "ದಾದಾ, ಬ್ರೇಕ್ ಮಾರ್ಲಾ ಕೀ ಡಾವಾ ಲೈಟ್ ಬಂದ್ ಹೋತೋ" ಅಂದು ಹ್ವಾದ. ಬ್ರೇಕ್ ಹಾಕಿದ್ರ ಎಡಗಡೆ ಲೈಟು ಆರತೈತಂತ! ನಾ ನಂಬಲಿಲ್ಲ, ಏನೋ ತಪ್ಪು ನೋಡ್ಯಾನ ಬಿಡು ಅಂದ್ಕೊಂಡೆ.

ಮರುದಿನ ಸಂಜಿಗೆ ಸೊಸೈಟಿ ಪಾರ್ಕಿಂಗ್‌ನ್ಯಾಗ ಮಗಳನ್ನ ಹಿಂದ ನಿಲ್ಲಿಸಿ ನೋಡ್ದೆ. ಹೆಡ್‌ಲೈಟ್ ಹಾಕಿದೆ, ಹಿಂದ ಎರಡೂ ಕೆಂಪು ಲೈಟು ಬರೋಬರಿ ಉರೀತಿದ್ವು. ಬ್ರೇಕ್ ಒತ್ತಿದೆ. "ಅಪ್ಪಾ, ಎಡಗಡೇದು ಹೋತು ನೋಡು!" ಕಾಲು ತಗದೆ, "ಬಂತು!" ಹೆಡ್‌ಲೈಟ್ ಆರಿಸಿ ಬರೇ ಬ್ರೇಕ್ ಒತ್ತಿದ್ರ ಬಲಗಡೇದು ಝಗ್ ಅಂತ ಉರೀತು, ಎಡಗಡೇದು ಮಂಕಾಗಿ, ದೇವರ ಮುಂದಿನ ನಂದಾದೀಪದಂಗ. ಎಡಕ್ಕ ಇಂಡಿಕೇಟರ್ ಹಾಕಿದ್ರಂತೂ ಕೆಂಪು ಲೈಟೂ ಅದರ ಸಂಗಾಟ ಕಣ್ಣು ಹೊಡಿಯಾಕ ಹತ್ತಿತು. ಮಗಳಿಗೆ ಭಾರೀ ಮಜಾ.

ನಾ ಏನ್ ಮಾಡ್ದೆ ಅಂದ್ರ, ಎಲ್ಲಾರೂ ಮಾಡೂದ ಮಾಡ್ದೆ, ಬಲ್ಬ್ ಬದಲಿ ಮಾಡ್ದೆ. ಹೋಗ್ಲಿಲ್ಲ. ಬಲ್ಬ್ ಡುಪ್ಲಿಕೇಟ್ ಇರಬೇಕಂತ ಬ್ಯಾರೆ ಕಂಪನೀದು ತಂದು ಹಾಕ್ದೆ, ಅದೂ ಹಂಗ. ಒಂದು ಗ್ಯಾರೇಜಿನವ್ರು ಪೂರಾ ಲೈಟ್ ಅಸೆಂಬ್ಲಿನ ಬದಲಿ ಮಾಡಬೇಕು, 4,200 ಆಗ್ತೈತಿ ಅಂದ್ರು. ಹೂಂ ಅನ್ನಾಂವ ಇದ್ದೆ, ಅಷ್ಟರಾಗ ನಾನಾ ಪೇಠದಾಗ ಅಂಗಡಿ ಇಟ್ಟಿರೋ ನಮ್ಮ ಸಿಂದಗಿ ಕಡೆಯ ಒಬ್ರು ವಾಯರಮನ್ ಕಾಕಾ ನೆನಪಾದ್ರು. ಮೂರನೇ ಬಲ್ಬ್ ತಗೊಳ್ಳೂಣು ಅಂತ ಹೋದ್ರ ಪುಣ್ಯಾತ್ಮ ಬಲ್ಬ್ ಕೊಡಲೇ ಇಲ್ಲ. ನನ್ನ ಕಥಿ ಪೂರಾ ಕೇಳಿ, ಗಾಡಿ ಮುಟ್ಟಿ ಸೈತ ನೋಡದ, "ತಮ್ಮಾ, ಬಲ್ಬ್ ಸುಟ್ಟಿದ್ರ ಸುಮ್ನ ಕತ್ತಲಿ ಆಗ್ತಿತ್ತು. ಒಂದ್ ಹಚ್ಚಿದ್ರ ಇನ್ನೊಂದ್ ಆರತೈತಿ ಅಂದ್ರ ಅರ್ಥ್ ಹೋಗೈತಿ, ಡಿಕ್ಕಿ ಒಳಗ ನೋಡು" ಅಂದ್ರು.

ಅದರ ಹಕೀಕತ್ತು ಹಿಂಗೈತಿ. ಆ ಬಲ್ಬ್‌ನ್ಯಾಗ ಉರಿಯೂ ತಂತಿ (ಫಿಲಮೆಂಟ್) ಎರಡು ಇರ್ತಾವು, ಹಿಂದಿನ ದೀಪಕ್ಕ 5 ವ್ಯಾಟಿಂದು, ಬ್ರೇಕಿಗೆ 21 ವ್ಯಾಟಿಂದು. ಬಲ್ಬ್ ಮ್ಯಾಲೆ ಪಿ21/5ಡಬ್ಲ್ಯೂ ಅಂತ ಬರೆದಿರ್ತಾರ. ಕರೆಂಟ್ ಬರಾಕ ಇಬ್ಬರಿಗೂ ಬ್ಯಾರೆ ಬ್ಯಾರೆ ದಾರಿ, ವಾಪಸ್ ಹೋಗಾಕ ಮಾತ್ರ ಒಂದ ದಾರಿ, ಅದ ಅರ್ಥ್, ಅಂದ್ರ ಗಾಡಿ ಬಾಡಿಗೆ ಬಿಗಿದಿರೋ ಕರೀ ವಾಯರ್. ಅದು ಬಂದ್ ಆತಂದ್ರ ಕರೆಂಟ್ ಸುಮ್ನ ಕುಂದ್ರೂದಿಲ್ಲ, ಬಾಜೂ ತಂತಿಯಾಗ ಹೊಕ್ಕು, ಆ ಕಡೆ ವಾಯರ್‌ನ್ಯಾಗ ಉಲ್ಟಾ ಹೋಗಿ, ಬಲಗಡೆ ಲೈಟಿನ ಅರ್ಥ್ ಹುಡುಕ್ಕೊಂಡು ಹೋಗ್ತೈತಿ. ಹಿಂಗಾಗಿ ಹಿಂದಿನ ದೀಪ ಅಷ್ಟ ಹಚ್ಚಿದಾಗ ಎಲ್ಲಾ ಬರೋಬರಿ ಕಾಣ್ತೈತಿ. ಬ್ರೇಕೂ ಒತ್ತಿದ್ರ ಎರಡೂ ಕಡೆಯಿಂದ 12 ವೋಲ್ಟ್ ಬಂದು ಎದುರಾಬದುರಾ ನಿಂತು ಬಿಡ್ತಾವು, ಯಾರೂ ಹರಿಯಂಗಿಲ್ಲ, ಲೈಟು ಆರತೈತಿ. ಟೆಂಪೋದವ ಹೇಳಿದ್ದು ಅಕ್ಷರಶಃ ಖರೆ ಇತ್ತು.

ಮನೀಗೆ ಬಂದು ಮಲ್ಟಿಮೀಟರ್ ತಗೊಂಡೆ. ಒಂದು ಕಡ್ಡಿ ಹೋಲ್ಡರಿನ ಅರ್ಥ್‌ಗೆ, ಇನ್ನೊಂದು ಗಾಡಿ ಬಾಡಿಯ ಬರಿ ಲೋಹಕ್ಕ, ಮಗಳಿಗೆ ಬ್ರೇಕ್ ಒತ್ತು ಅಂದೆ. ಸೊನ್ನೆ ಹತ್ರ ಬರಬೇಕಾದಲ್ಲಿ 11.6 ವೋಲ್ಟ್ ತೋರಸ್ತು. ಡಿಕ್ಕಿ ಬಾಜೂದ ಪ್ಲಾಸ್ಟಿಕ್ ಬಿಚ್ಚಿ ಕರೀ ವಾಯರ್ ಹಿಡಕೊಂಡು ಹೋದ್ರ ಒಂದು ಬೋಲ್ಟಿಗೆ ಥಿಂಬಲ್ (ವಾಯರ್ ತುದಿಗೆ ಒತ್ತೂ ಲೋಹದ ಬಳಿ) ಕೂತಿತ್ತು, ಕೂತಿತ್ತು ಅಂದ್ರ ಹೆಸರಿಗಷ್ಟ, ಹಸಿರು ಕಿಲುಬು ಹಿಡಿದು ಬೆರಳಿನಿಂದ ಜಗ್ಗಿದ್ರ ವಾಯರ್ ಕೈಯಾಗ ಬಂತು. ಲೈಟಿನ ಹಿಂದಿನ ರಬ್ಬರ್ ಸೀಳಿತ್ತು, ಪುಣೆ ಮಳೀನೀರು ತಿಂಗಳಗಟ್ಲೆ ಅಲ್ಲೇ ಇಳದೈತಿ. ಬ್ಯಾಟರಿ ಅರ್ಥ್ ಬಿಚ್ಚಿಟ್ಟು, ವಾಯರ್ ಕೊರದು ಹೊಸಾ ಥಿಂಬಲ್ ಒತ್ತಿ, ಬಾಡಿ ಮ್ಯಾಲಿನ ಬಣ್ಣ, ಕಿಲುಬು ಪಾಲಿಶ್ ಪೇಪರಿನಿಂದ ಹೊಳಿಯೂ ತನಕ ತಿಕ್ಕಿ ಬಿಗಿದೆ, ಮ್ಯಾಲೆ ಒಂದಿಷ್ಟು ಗ್ರೀಸ್. ಥಿಂಬಲ್ ಕಾಕಾ ಪುಕಟ ಕೊಟ್ಟಿದ್ರು.

ಎರಡೂ ಕಡೆ ಬ್ರೇಕ್ ಲೈಟ್ ಒಟ್ಟಿಗೇ ಹೋದ್ರ ಮಾತ್ರ ಡಿಕ್ಕಿ ಕಡೆ ಹೋಗಬ್ಯಾಡ್ರಿ, ಮೊದಲ ಫ್ಯೂಸ್ ನೋಡ್ರಿ, ಆಮ್ಯಾಲೆ ಪೆಡಲ್ ಮ್ಯಾಲಿನ ಸ್ವಿಚ್ಚು. ಫ್ಯೂಸ್ ಪದೇ ಪದೇ ಹೊಂಟ್ರ ದೊಡ್ಡ ನಂಬರಿಂದು ಹಾಕೂ ಶಾಣ್ಯಾತನ ಬ್ಯಾಡ, ಎಲ್ಲೋ ವಾಯರ್ ಉಜ್ಜಿ ಬಾಡಿಗೆ ತಾಗಾಕತ್ತೈತಿ ಅಂತ ಅರ್ಥ. ಹಡಪ್ಸರದಾಗಿರೋ ನಮ್ಮ ಗೆಳೆಯಾಂದು ಇದರ ಉಲ್ಟಾ ಕಥಿ, ಬ್ರೇಕ್ ಲೈಟ್ ಆರೂದ ಇಲ್ಲ, ಮುಂಜಾನೆ ಬ್ಯಾಟರಿ ಖಾಲಿ. ಪೆಡಲ್ಲಿಗೆ ಸ್ವಿಚ್ ತಾಗೂ ಜಾಗದ ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಪುಡಿಯಾಗಿ ಮ್ಯಾಟ್ ಮ್ಯಾಲೆ ಬಿದ್ದಿತ್ತು, ಅವ ಬಿಸ್ಕೀಟಿನ ಪುಡಿ ಅಂತ ಝಾಡಿಸಿ ಒಗದಿದ್ದ.

ನಂದು ಸದ್ಯ ಬರೋಬರಿ ಐತಿ. ಎರಡು ಚಲೋ ಬಲ್ಬ್ ಡ್ಯಾಶ್‌ಬೋರ್ಡಿನ ಖಾನೇದಾಗ ಬಿದ್ದಾವು. ರಬ್ಬರ್ ಇನ್ನೂ ಸಿಕ್ಕಿಲ್ಲ, ಸಿಲಿಕಾನ್ ಹಚ್ಚೇನಿ, ಆದ್ರೂ ನಿನ್ನೆ ಮಳಿ ಆದಮ್ಯಾಲೆ ನೋಡಿದ್ರ ಎಡಗಡೆ ಕಾಚಿನ ಒಳಗ ಎರಡು ಹನಿ ಕೂತಿದ್ವು.